ಕಾಗೆ ಮುಟ್ಟದ ಎಡೆ

ಮರಗಳಿಗಿಂತ ಬಂಡೆಗಳೇ ಹೆಚ್ಚಿರುವ ಕಾಡೊಂದಿತ್ತು, ಮಕ್ಕಳೇ. ಅದರ ಹೆಸರು ಉಡುಗುಡ್ಡ. ಗುಡ್ಡದ ಬುಡದಲ್ಲಿ ಒಂದು ಹೊಂಡ, ಹೊಂಡದ ಸುತ್ತ ಸಂಸಾರಸ್ಥ ಪ್ರಾಣಿಗಳು. ಅಲ್ಲಿ ಸಿಂಹವಿರಲಿಲ್ಲ, ಆದ್ದರಿಂದ ರಾಜನೂ ಇರಲಿಲ್ಲ, ಮಂತ್ರಿಯೂ ಇರಲಿಲ್ಲ. ಏನಾದರೂ ತಕರಾರು ಬಂದರೆ ಆಮೆ ಸಂಗಜ್ಜ ಚಿಪ್ಪಿನಿಂದ ಕತ್ತು ಹೊರಗೆ ಹಾಕಿ ಎರಡು ಮಾತು ಹೇಳುತ್ತಿದ್ದ. ಎಲ್ಲರೂ ತಲೆಯಾಡಿಸಿ ಮನೆಗೆ ಹೋಗುತ್ತಿದ್ದರು.

ಹೊಂಡದ ಮೇಲಿನ ಗುಹೆಯಲ್ಲಿ ದುಂಡಪ್ಪನೆಂಬ ಕರಡಿ ಇದ್ದ. ಕೆಟ್ಟವನೇನಲ್ಲ. ಆದರೆ ಅವನಿಗೆ ಕಂಡದ್ದೆಲ್ಲ ಬೇಕು, ಸಿಕ್ಕಿದ ಮೇಲೆ ಬೇಡ. ಇಂಥವರು ನಿಮ್ಮ ಬೀದಿಯಲ್ಲೂ ಒಬ್ಬರಾದರೂ ಇರುತ್ತಾರೆ. ಹೆಸರು ಹೇಳುವುದು ಬೇಡ ಬಿಡಿ.

ಒಂದು ದಿನ ಅವನು ಹಳ್ಳಿಯಂಚಿನ ತಿಪ್ಪೆಯ ಹತ್ತಿರದಿಂದ ಒಂದು ನಾಯಿಮರಿಯನ್ನು ಎತ್ತಿಕೊಂಡು ಬಂದ. ಹತ್ತಿಯ ಉಂಡೆಯಂಥ ಮರಿ. ಹೆಸರು ಗುಂಡ ಎಂದಿಟ್ಟ. ಹೊಂಡದ ಸುತ್ತ ಮೂರು ಸಲ ಮೆರವಣಿಗೆ ಮಾಡಿಸಿದ.

ಆಲದ ಮರದ ಮೇಲಿಂದ ಕರಿಮೂತಿಯ ಮಂಗ, ಮುಸಿಯ ನಿಂಗಣ್ಣ ಕೇಳಿದ, "ದುಂಡಪ್ಪ, ಮರಿ ತರೋದೇನೋ ಸುಲಭ. ಮುಂದೆ ಅದು ದೊಡ್ಡ ನಾಯಿ ಆಗುತ್ತೆ, ಗೊತ್ತು ತಾನೆ?"

"ಆದಾಗ ನೋಡ್ಕೊಳ್ಳೋಣ ಬಿಡು ನಿಂಗಣ್ಣ!" ಎಂದ ದುಂಡಪ್ಪ.

ಗುಂಡ ಆದ. ಆರು ತಿಂಗಳಲ್ಲಿ ಉದ್ದುದ್ದ ಕಾಲಿನ ನಾಯಿಯಾದ. ಎರಡು ಹೊತ್ತು ಹೊಟ್ಟೆ ತುಂಬ ಬೇಕು. ಮಾತಿಗೊಂದು ಸಲ ಬೊಗಳಬೇಕು. ಒಮ್ಮೆ ದುಂಡಪ್ಪ ಹೆಜ್ಜೇನಿನ ಹುಟ್ಟಿಗೆ ಮೆಲ್ಲನೆ ಕೈ ಹಾಕುತ್ತಿದ್ದಾಗ ಕೆಳಗೆ ನಿಂತು "ಬೌ!" ಅಂದುಬಿಟ್ಟ. ದುಂಡಪ್ಪನ ಮೂಗು ಮೂರು ದಿನ ಬದನೆಕಾಯಿಯ ಹಾಗೆ ಊದಿಕೊಂಡಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ದುಂಡಪ್ಪ ಗುಂಡನನ್ನು ಕರೆದುಕೊಂಡು ಹೊರಟ. ಮೂರು ಗುಡ್ಡ ದಾಟಿದರೆ ಜನ ಬಿಟ್ಟುಹೋದ ಹಳೆಯ ಕಲ್ಲುಕ್ವಾರಿ ಇತ್ತು. ಅಲ್ಲೊಂದು ಚಪ್ಪಡಿಯ ಮೇಲೆ ಅವನನ್ನು ಕೂರಿಸಿ, "ಇಲ್ಲೇ ಕೂತಿರು, ಈಗ ಬಂದೆ" ಎಂದು ಹೇಳಿ, ಹಿಂತಿರುಗಿ ನೋಡದೆ ಬಂದುಬಿಟ್ಟ.

ಹೊಂಡದ ಹತ್ತಿರ ಮುಳ್ಳುಹಂದಿ ಪಾರವ್ವ ಎದುರಾದಳು. "ಗುಂಡ ಎಲ್ಲಿ ದುಂಡಪ್ಪ? ಕಾಣ್ತಿಲ್ಲವಲ್ಲ?"

ಬಿಟ್ಟುಬಂದೆ ಎನ್ನಲು ದುಂಡಪ್ಪನಿಗೆ ನಾಚಿಕೆಯಾಯಿತು. "ಅಯ್ಯೋ ಪಾರವ್ವ, ಏನು ಹೇಳಲಿ! ಹಾವು ಕಚ್ಚಿ ಸತ್ತುಹೋಯಿತು" ಎಂದು ಕಣ್ಣೊರೆಸಿಕೊಂಡ.

ಉಡುಗುಡ್ಡದಲ್ಲಿ ಒಂದು ಪದ್ಧತಿ ಇತ್ತು. ಸಾವಾದ ಮನೆಯವರು ಒಂಬತ್ತು ದಿನ ಆಹಾರ ಹುಡುಕಿಕೊಂಡು ಹೊರಗೆ ಹೋಗಬಾರದು, ನೆರೆಹೊರೆಯವರೇ ತಂದುಕೊಡಬೇಕು. ಒಂಬತ್ತನೆಯ ದಿನ ಹೊಂಡದ ಬಂಡೆಯ ಮೇಲೆ ಮುತ್ತುಗದ ಎಲೆ ಹಾಸಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಡಬೇಕು. ಕಾಗೆ ಬಂದು ಎಡೆ ಮುಟ್ಟಿದರೆ ಸತ್ತವರಿಗೆ ತೃಪ್ತಿಯಾಯಿತು ಎಂದರ್ಥ. ಆಮೇಲೆ ಎಲ್ಲರಿಗೂ ಊಟ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ. ಆಗ ಮನೆಯವರು ಕೈಮುಗಿದು, ಹೀಗೆ ಮಾಡುತ್ತೇವೆ, ಹಾಗೆ ಮಾಡುತ್ತೇವೆ ಎಂದು ಕಾಗೆ ಮುಟ್ಟುವ ತನಕ ಮಾತು ಕೊಡುತ್ತಲೇ ಇರಬೇಕು.

ದುಂಡಪ್ಪ ಈ ಪದ್ಧತಿಯನ್ನು ಮರೆತೇಬಿಟ್ಟಿದ್ದ. ಮಾರನೆಯ ಬೆಳಿಗ್ಗೆ ಕಣ್ಣು ಬಿಟ್ಟರೆ ಗುಹೆಯ ಬಾಗಿಲಲ್ಲಿ ಪಾರವ್ವ ಅಗೆದು ತಂದ ಗೆಣಸು, ನಿಂಗಣ್ಣನ ಸೀತಾಫಲ, ಮೊಲಗಳು ತಂದ ಗರಿಕೆ. ಗರಿಕೆಯನ್ನು ಬದಿಗಿಟ್ಟು ಉಳಿದದ್ದನ್ನು ಬಾಚಿಕೊಂಡು ತಿಂದ. ಒಂಬತ್ತು ದಿನ ಕೂತು ಉಂಡ. ಒಂಬತ್ತನೆಯ ದಿನ ಕಾಗೆ ಸಿದ್ದವ್ವ ಬಂದು ಎಡೆ ಮುಟ್ಟಿದಳು. ಎಲ್ಲ ಸುಸೂತ್ರವಾಗಿ ಮುಗಿಯಿತು.

ಮುಂದಿನ ತಿಂಗಳು ದುಂಡಪ್ಪ ಇನ್ನೊಂದು ಮರಿ ತಂದ. ಹೆಣ್ಣು, ಹೆಸರು ಚಿಕ್ಕಿ. ಅವಳು ಬೊಗಳುತ್ತಿರಲಿಲ್ಲ. ಆದರೆ ಬೆಳೆದ ಮೇಲೆ ಮೈಕೂದಲು ಉದುರತೊಡಗಿತು. "ಗುಹೆ ತುಂಬ ಕೂದಲು, ಅಸಹ್ಯ!" ಎಂದು ದುಂಡಪ್ಪ ಮೂಗು ಮುರಿದ. ಕರಡಿಯ ಬಾಯಲ್ಲಿ ಈ ಮಾತು ಬಂದದ್ದನ್ನು ನೀವೇ ಯೋಚಿಸಿ ನೋಡಿ, ಮಕ್ಕಳೇ. ಚಿಕ್ಕಿಯೂ ಕ್ವಾರಿಯ ಚಪ್ಪಡಿ ಕಂಡಳು. ದುಂಡಪ್ಪನಿಗೆ ಮತ್ತೆ ಒಂಬತ್ತು ದಿನ ಗೆಣಸು, ಸೀತಾಫಲ. ಸಿದ್ದವ್ವ ಆ ಎಡೆಯನ್ನೂ ಮುಟ್ಟಿದಳು.

ಮೂರನೆಯವನು ಬಿಳಿಯ. ಬಿಳಿಯನಲ್ಲಿ ತಪ್ಪು ಹುಡುಕಬೇಕೆಂದರೂ ಸಿಗುತ್ತಿರಲಿಲ್ಲ. ಬೊಗಳು ಎಂದರೆ ಬೊಗಳುತ್ತಿದ್ದ, ಕೂತಿರು ಎಂದರೆ ಕೂತಿರುತ್ತಿದ್ದ. ದುಂಡಪ್ಪ ಮಲಗಿದರೆ ಅವನ ಪಾದಕ್ಕೆ ಗಲ್ಲ ಒತ್ತಿ ಮಲಗುತ್ತಿದ್ದ. ಆದರೇನು? ಹಳ್ಳಿಯಲ್ಲಿ ಜೋಲುಕಿವಿಯ ಕಂದು ಮರಿಯೊಂದು ಹುಟ್ಟಿದ್ದನ್ನು ದುಂಡಪ್ಪ ನೋಡಿಬಿಟ್ಟ. ಅಂದಿನಿಂದ ಬಿಳಿಯನ ನೆಟ್ಟಗಿನ ಕಿವಿ ಕಂಡರೆ ಅವನಿಗೆ ಬೇಸರ.

ಕ್ವಾರಿಯಲ್ಲಿ "ಕೂತಿರು, ಈಗ ಬಂದೆ" ಎಂದಾಗ ಬಿಳಿಯ ಬಾಲ ಆಡಿಸಿ ಕೂತ. ದುಂಡಪ್ಪ ಮಾಡಿದ ಕೆಲಸಗಳಲ್ಲೆಲ್ಲ ಇದೇ ಕೆಟ್ಟದ್ದು. ನನಗೆ ಈಗಲೂ ಸಿಟ್ಟು ಬರುತ್ತದೆ.

ಊರಿಗೆ ಬಂದು ದುಂಡಪ್ಪ ಎದೆ ಬಡಿದುಕೊಂಡ. "ಜ್ವರ ಬಂತು, ಹೋಗಿಯೇಬಿಟ್ಟಿತು!" ಈ ಸಲ ಗೋಳಾಟ ಬಲು ಜೋರಾಗಿತ್ತು, ಅಭ್ಯಾಸವಾಗಿತ್ತಲ್ಲ. ಒಂಬತ್ತು ದಿನ ಉಂಡ. ಒಂಬತ್ತನೆಯ ದಿನ ಬಂಡೆಯ ಮೇಲೆ ಮುತ್ತುಗದ ಎಲೆ ಹಾಸಿ ಎಡೆ ಇಟ್ಟರು. ಸಿದ್ದವ್ವ ಬಂದು ಎದುರಿನ ಜಾಲಿಮರದ ಮೇಲೆ ಕೂತಳು.

ಕೂತೇ ಇದ್ದಳು.

ಬಿಸಿಲು ಏರಿತು. ಮೊಲಗಳ ಹೊಟ್ಟೆ ಗುರುಗುಟ್ಟಿತು. ಕಾಗೆ ಮುಟ್ಟದೆ ಯಾರೂ ತಿನ್ನುವ ಹಾಗಿಲ್ಲ.

"ಏನೋ ಆಸೆ ಉಳಿದಿರಬೇಕು ಕಣಪ್ಪ ದುಂಡಪ್ಪ. ಮಾತು ಕೊಡು" ಎಂದ ಸಂಗಜ್ಜ.

ದುಂಡಪ್ಪ ಕೈಮುಗಿದ. "ಬಿಳಿಯಾ, ನಿನ್ನ ಹೆಸರಲ್ಲಿ ಹುಣ್ಣಿಮೆಗೊಂದು ಉಪವಾಸ ಮಾಡ್ತೀನಿ."

ಸಿದ್ದವ್ವ ರೆಕ್ಕೆ ಕೆರೆದುಕೊಂಡಳು.

"ಗುಹೆ ಬಾಗಿಲಲ್ಲಿ ನಿನಗೊಂದು ಕಲ್ಲು ನಿಲ್ಲಿಸ್ತೀನಿ."

ಸಿದ್ದವ್ವ ಬೆನ್ನು ತಿರುಗಿಸಿ ಕೂತಳು.

"ಗೆಣಸು ಒಣಗ್ತಿದೆ ದುಂಡಪ್ಪ, ಸ್ವಲ್ಪ ದೊಡ್ಡದೇನಾದರೂ ಹೇಳು" ಎಂದು ಪಾರವ್ವ ಪಿಸುಗುಟ್ಟಿದಳು.

"ಈ ವರ್ಷದ ಹೆಜ್ಜೇನಿನಲ್ಲಿ ಒಂದು ಹುಟ್ಟು ಪೂರ್ತಿ ಊರಿಗೆ ಬಿಟ್ಟುಕೊಡ್ತೀನಿ!" ಎಂದ ದುಂಡಪ್ಪ. ಹೇಳುವಾಗ ಅವನಿಗೆ ನಿಜವಾಗಿಯೂ ಕಣ್ಣೀರು ಬಂತು. ಸಿದ್ದವ್ವ ಅಲುಗಲಿಲ್ಲ.

ಹಸಿವಿನಿಂದಲೂ ಹೆದರಿಕೆಯಿಂದಲೂ ದುಂಡಪ್ಪನಿಗೆ ಬೆವರಿಳಿಯಿತು. ಮುಂಗೈಗಳನ್ನೆತ್ತಿ ಕೂಗಿದ, "ಅಯ್ಯೋ ಬಿಳಿಯಾ, ನೀನೊಂದು ಬದುಕಿದ್ದಿದ್ದರೆ! ಗುಂಡ, ಚಿಕ್ಕಿ ಬದುಕಿದ್ದಿದ್ದರೆ! ಮೂವರನ್ನೂ ಹೆಗಲ ಮೇಲೆ ಹೊತ್ತು ಸಾಕ್ತಿದ್ದೆ!"

ಸಿದ್ದವ್ವ ಥಟ್ಟನೆ ತಿರುಗಿದಳು. "ಎಲ್ಲರೂ ಕೇಳಿಸ್ಕೊಂಡ್ರಾ?"

"ಕೇಳಿಸ್ಕೊಂಡ್ವಿ, ಬೇಗ ಮುಟ್ಟು ತಾಯಿ" ಎಂದವು ಮೊಲಗಳು.

"ಹೇಗೆ ಮುಟ್ಟಲಿ? ನಮ್ಮ ಅಜ್ಜಿ ಕಾಲದಿಂದ ನಾವು ಸತ್ತವರ ಎಡೆ ಮುಟ್ಟೋರು. ಬದುಕಿದ್ದವರ ಎಡೆ ಮುಟ್ಟಿದರೆ ಕಾಗೆ ಕುಲಕ್ಕೇ ಕೆಟ್ಟ ಹೆಸರು. ಈ ದುಂಡಪ್ಪನ ಮಾತು ನಂಬಿ ಎರಡು ಸಲ ಆ ತಪ್ಪು ಮಾಡಿದ್ದೀನಿ. ಮೊನ್ನೆ ಕ್ವಾರಿ ಮೇಲೆ ಹಾರಿ ಹೋದಾಗಲೇ ನನಗೆ ಗೊತ್ತಾಗಿದ್ದು." ಸಿದ್ದವ್ವ ಕತ್ತು ಚಾಚಿ "ಕಾ! ಕಾ!" ಎಂದು ಕೂಗಿದಳು.

ಪೊದೆ ಅಲ್ಲಾಡಿತು. ಗುಂಡ ಹೊರಗೆ ಬಂದ. ಅವನ ಹಿಂದೆ ಚಿಕ್ಕಿ.

ಮೊಲಗಳು ಚೆಲ್ಲಾಪಿಲ್ಲಿಯಾದವು. "ದೆವ್ವ! ದೆವ್ವ!" ಎಂದು ನಿಂಗಣ್ಣ ತುದಿಕೊಂಬೆಗೆ ಹಾರಿದ.

"ದೆವ್ವ ಅಲ್ಲ ಮಾವ, ನಾನು ಗುಂಡ. ತುಂಬ ಹಸಿವಾಗಿದೆ" ಎಂದ ಗುಂಡ. ಎಲೆಯತ್ತ ಮೂಗು ಚಾಚಿ, "ಗೆಣಸಾ? ಯಾರ ತಿಥಿ?" ಎಂದು ಕೇಳಿದ.

ಸಿಕ್ಕಿಬಿದ್ದ ದುಂಡಪ್ಪನ ಬುದ್ಧಿ ಚುರುಕಾಯಿತು. "ಪವಾಡ! ನನ್ನ ಭಕ್ತಿಗೆ ಮೆಚ್ಚಿ ಸತ್ತವರು ಎದ್ದು ಬಂದಿದ್ದಾರೆ!" ಎಂದು ಬಂಡೆಯ ಮೇಲೆ ಅಡ್ಡಬಿದ್ದ.

ಚಿಕ್ಕಿ ಕಣ್ಣು ಪಿಳಿಪಿಳಿ ಬಿಟ್ಟಳು. "ನಾವು ಯಾವಾಗ ಸತ್ತಿದ್ದು ದಣಿ? ನೀವೇ ಅಲ್ವಾ ಕ್ವಾರಿಗೆ ಕರ್ಕೊಂಡು ಹೋಗಿ ‘ಕೂತಿರು’ ಅಂದಿದ್ದು? ಎಷ್ಟು ದಿನ ಕಾದ್ವಿ. ಆಮೇಲೆ ಇಲಿ ಹಿಡಿದು ಹೊಟ್ಟೆ ಹೊರೆದ್ವಿ. ಬಿಳಿಯ ಮಾತ್ರ ಎಷ್ಟು ಕರೆದರೂ ಬರಲಿಲ್ಲ. ದಣಿ ಕೂತಿರು ಅಂದಿದ್ದಾರೆ ಅಂತ ಅಲ್ಲೇ ಕೂತಿದ್ದಾನೆ. ಅವನಿಗೂ ನಾವೇ ತುತ್ತು ಒಯ್ದು ಕೊಡ್ತಿದ್ದೀವಿ."

ಎಲ್ಲರೂ ದುಂಡಪ್ಪನನ್ನೇ ನೋಡಿದರು. ದುಂಡಪ್ಪ ತನ್ನ ಉಗುರು ನೋಡಿಕೊಂಡ.

ಆಗ ಸಂಗಜ್ಜ ಕತ್ತು ಹೊರಗೆ ಹಾಕಿದ. "ಇಟ್ಟ ಎಡೆ ಹಿಂದಕ್ಕೆ ತೆಗೆಯೋ ಪದ್ಧತಿ ನಮ್ಮಲ್ಲಿಲ್ಲ. ಎಡೆಗೆ ಒಂದು ಸಾವು ಆಗಲೇಬೇಕು. ನಾಯಿಗಳು ಸತ್ತಿಲ್ಲ. ಹಾಗಾದರೆ ದುಂಡಪ್ಪ ಸತ್ತ."

ಸಿದ್ದವ್ವ ಸರ್ರನೆ ಇಳಿದು ಎಡೆ ಮುಟ್ಟಿದಳು. ಇಷ್ಟು ಚುರುಕಾಗಿ ಅವಳು ಯಾವ ಎಡೆಯನ್ನೂ ಮುಟ್ಟಿರಲಿಲ್ಲ.

"ನಾನು ಇಲ್ಲೇ ಇದ್ದೀನಲ್ಲ!" ಎಂದು ದುಂಡಪ್ಪ ಕೂಗಿದ.

"ಪಾಪ, ಒಳ್ಳೆ ಕರಡಿ" ಎಂದು ಪಾರವ್ವ ಕಣ್ಣೊರೆಸಿಕೊಂಡಳು.

"ಸುಳ್ಳು ಸ್ವಲ್ಪ ಜಾಸ್ತಿ ಹೇಳ್ತಿದ್ದ" ಎಂದ ನಿಂಗಣ್ಣ.

"ಸತ್ತವರ ಬಗ್ಗೆ ಹಾಗೆಲ್ಲ ಅನ್ನಬಾರದು ಕಣೋ, ಗೆಣಸು ತಗೋ" ಎಂದಳು ಪಾರವ್ವ.

ದುಂಡಪ್ಪ ಗೆಣಸಿಗೆ ಕೈ ಚಾಚಿದ. ಪಾರವ್ವ ಮೈಮುಳ್ಳು ಬಿಚ್ಚಿ, "ಏನೋ ಗಾಳಿ ಸೋಕಿದ ಹಾಗಾಯಿತು" ಎಂದು ಎಲೆಯನ್ನು ಆಚೆಗೆ ಎಳೆದುಕೊಂಡಳು. ಅವನನ್ನು ಬಿಟ್ಟು ಎಲ್ಲರೂ ಹೊಟ್ಟೆ ತುಂಬ ಉಂಡರು. ಗುಂಡ ಪಾರವ್ವನ ಮನೆಗೆ ಹೋದ. ಚಿಕ್ಕಿ ನಿಂಗಣ್ಣನ ಆಲದ ಬುಡದಲ್ಲಿ ಮಲಗಿದಳು.

ಮೊದಲನೆಯ ದಿನ ದುಂಡಪ್ಪ, "ನೋಡೋಣ, ಎಷ್ಟು ದಿನ ಮಾತು ಬಿಡ್ತಾರೆ" ಎಂದು ನಕ್ಕ. ಎರಡನೆಯ ದಿನ ಹೊಂಡದ ಹತ್ತಿರ ನಿಂತು ಎಲ್ಲರನ್ನೂ ಹೆಸರು ಹಿಡಿದು ಕರೆದ. ಯಾರೂ ತಲೆಯೆತ್ತಲಿಲ್ಲ. ಮೊಲದ ಮರಿಯೊಂದು ಅವನತ್ತ ಬೆರಳು ತೋರಿಸಿದಾಗ ಅದರ ತಾಯಿ, "ಅಲ್ಲಿ ಯಾರೂ ಇಲ್ಲ ಕಂದಾ, ಬಾ" ಎಂದು ಕರೆದುಕೊಂಡು ಹೋದಳು. ಮೂರನೆಯ ದಿನ ಬೆನ್ನಿಗೆ ಮುಳ್ಳು ಚುಚ್ಚಿತು, ಕೈಗೆ ಎಟುಕಲಿಲ್ಲ. ತೆಗೆದುಕೊಡುವವರಿಲ್ಲದೆ ಅಳುತ್ತ ಕೂತ. ಬದುಕಿದ್ದೂ ಯಾರಿಗೂ ಬೇಡವಾಗುವುದೆಂದರೆ ಏನೆಂದು ಆಗ ಅವನಿಗೆ ಗೊತ್ತಾಯಿತು. ಗೊತ್ತಾದದ್ದೇ ಎದ್ದು ಕ್ವಾರಿಯ ದಾರಿ ಹಿಡಿದ.

ಮೂರು ಗುಡ್ಡ ಹತ್ತಿಳಿಯುವಾಗ ಅವನಿಗೆ ಒಂದೇ ಚಿಂತೆ. ಬಿಳಿಯನೂ ತನ್ನನ್ನು ಕಾಣದವನಂತೆ ಮುಖ ತಿರುಗಿಸಿದರೆ? ಹಾಗೆ ಮಾಡಿದರೂ ತಪ್ಪು ಹೇಳುವ ಬಾಯಿ ತನಗಿಲ್ಲ.

ಬಿಳಿಯ ಅದೇ ಚಪ್ಪಡಿಯ ಮೇಲಿದ್ದ. ಪಕ್ಕೆಲುಬು ಎಣಿಸುವ ಹಾಗಿತ್ತು. ದೂರದಿಂದಲೇ ಅವನ ಬಾಲ ಕಲ್ಲಿಗೆ ಪಟಪಟ ಬಡಿಯತೊಡಗಿತು.

"ಬಂದ್ರಾ ದಣಿ? ತಡ ಆಯ್ತಲ್ಲ, ದಾರಿಯಲ್ಲಿ ಏನಾದರೂ ತೊಂದರೆ ಆಯ್ತಾ?" ಎಂದು ಕೇಳಿದ.

ದುಂಡಪ್ಪ ಬೈಗುಳ ಕೇಳಲು ಸಿದ್ಧನಾಗಿ ಬಂದಿದ್ದ. ಚಪ್ಪಡಿಯ ಪಕ್ಕ ಕುಸಿದು ಕೂತು, ಬಿಳಿಯನ ಕೊರಳಿಗೆ ಮುಖ ಒತ್ತಿ ಗಳಗಳ ಅತ್ತ. ಬಿಳಿಯ ಅವನ ಬೆನ್ನಿನ ಮುಳ್ಳನ್ನು ಹಲ್ಲಿನಲ್ಲಿ ಕಿತ್ತು ಹಾಕಿದ.

ಕೂತು ಕೂತು ಬಿಳಿಯನ ಕಾಲು ಮರಗಟ್ಟಿದ್ದವು. ದುಂಡಪ್ಪ ಅವನನ್ನು ಹೆಗಲ ಮೇಲೆ ಹೊತ್ತು ಮೂರು ಗುಡ್ಡ ದಾಟಿದ. ಹೊಂಡದ ಹತ್ತಿರ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದ.

"ಸಂಗಜ್ಜ, ನಾನು ದುಂಡಪ್ಪ. ನಾನು ಬದುಕಿದ್ದೀನಿ, ನನ್ನ ಮಾತು ನಂಬಿ" ಎಂದು ಕೈಮುಗಿದ.

ಸಂಗಜ್ಜ ಅವನತ್ತ ನೋಡಲೇ ಇಲ್ಲ. ಹೆಗಲ ಮೇಲಿದ್ದ ಬಿಳಿಯನನ್ನು ಕೇಳಿದ, "ಏನಪ್ಪಾ ಮರಿ, ನಿನ್ನ ದಣಿ ಬದುಕಿದ್ದಾನಾ?"

"ಬದುಕಿದ್ದಾರೆ ಅಜ್ಜ. ಬರ್ತೀನಿ ಅಂದಿದ್ರು, ಬಂದ್ರು" ಎಂದ ಬಿಳಿಯ.

"ಹಾಗಾದರೆ ಸರಿ. ದುಂಡಪ್ಪ ಬದುಕಿದ್ದಾನೆ ಅಂತ ಊರಿಗೆಲ್ಲ ಹೇಳಿ. ನಾವು ನಂಬಿದ್ದು ನಾಯಿಯ ಮಾತನ್ನ" ಎಂದ ಸಂಗಜ್ಜ. ಹಾಗೆಂದು ಚಿಪ್ಪಿನೊಳಗೆ ಕತ್ತು ಎಳೆದುಕೊಂಡ.

ನೀತಿ: ಮರಿಯೆಂದು ಮುದ್ದು ಮಾಡಿ ತಂದವರು ಅದು ಬೆಳೆದು ನಾಯಿಯಾದ ಮೇಲೂ ಕೊನೆತನಕ ಸಾಕಬೇಕು, ಸಾಕುವ ಮನಸ್ಸಿಲ್ಲದವರು ತರಲೇಬಾರದು.