ಬೆಳ್ಳಿಯವರ ಉಣ್ಣಿ

ಹೊಳೆದಂಡೆಯ ಆ ಆಶ್ರಮದಲ್ಲಿ ಗುರುಗಳು ಯಾರನ್ನೂ ಏಕವಚನದಲ್ಲಿ ಕರೆಯುತ್ತಿರಲಿಲ್ಲ. ನಾಯಿಗೂ ಬಹುವಚನವೇ.

ಓಂಕಾರಪ್ಪನಿಗೆ ಇದು ಗೊತ್ತಿರಲಿಲ್ಲ. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾಗಿ, ಮನಸ್ಸನ್ನು ಪೂರ್ತಿ ಶುದ್ಧ ಮಾಡಿಕೊಳ್ಳುತ್ತೇನೆಂದು ತನ್ನ ನಾಯಿ ಬೆಳ್ಳಿಯನ್ನೂ ಕರೆದುಕೊಂಡು ಬಂದಿದ್ದ. ಮೊದಲ ದಿನ ಗುರುಗಳು ಬೆಳ್ಳಿಯ ಮುಂದೆ ಅನ್ನದ ತಟ್ಟೆ ಇಟ್ಟು "ಉಣ್ಣಿ" ಅಂದರು.

ಓಂಕಾರಪ್ಪ ಹೌಹಾರಿದ. ನಾಯಿಯ ಕಿವಿ ಮಗುಚಿ, ಬಾಲ ಎತ್ತಿ, ರಕ್ತ ಹೀರುವ ಆ ಹುಳಕ್ಕಾಗಿ ಹುಡುಕತೊಡಗಿದ.

"ನಮ್ಮ ಬೆಳ್ಳಿಗೆ ಉಣ್ಣಿ ಹತ್ತೋದೇ ಇಲ್ಲ ಗುರುಗಳೇ! ಮರಿಯಾಗಿದ್ದಾಗಿಂದ ಒಂದು ಹುಳ ಸೋಕೋಕೆ ಬಿಟ್ಟಿಲ್ಲ."

"ಊಟ ಮಾಡಿ ಅಂದೆ," ಎಂದು ಗುರುಗಳು ನಕ್ಕರು.

ಓಂಕಾರಪ್ಪನ ಮುಖ ಹುಳ್ಳಗಾಯಿತು.

ತಿಂಗಳು ಕಳೆಯುವುದರೊಳಗೆ ಬೆಳ್ಳಿ ಮಲಗಿತು. ಹೊಳೆಯ ಪೊದೆಗಳಲ್ಲಿ ಓಡಾಡಿ ನಿಜವಾದ ಉಣ್ಣಿ ಹತ್ತಿಸಿಕೊಂಡಿತ್ತು. ಮೈ ಕೆಂಡ, ಒಸಡು ಬಿಳಿಚಿತ್ತು, ತಟ್ಟೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆಶ್ರಮದ ಮುದಿ ನಾಯಿ ಕಾಳವ್ವ ಮಾತ್ರ ಅದೇ ಪೊದೆಗಳಲ್ಲಿ ಹೊರಳಾಡಿ, ಕಿವಿಯಲ್ಲಿ ಎರಡು ಉಣ್ಣಿ ಇಟ್ಟುಕೊಂಡೇ ಬಾಲ ಅಲ್ಲಾಡಿಸುತ್ತಿತ್ತು.

"ಇದ್ಯಾವ ನ್ಯಾಯ ಗುರುಗಳೇ?"

"ಪ್ರಶ್ನೆ ಆಮೇಲೆ ಕೇಳಿ. ಮೊದಲು ಆಚೆ ದಡಕ್ಕೆ ಹೋಗಿ ದನದ ಡಾಕ್ಟರನ್ನ ಕರ್ಕೊಂಡು ಬನ್ನಿ."

ಡಾಕ್ಟರು ಬಂದು ಸೂಜಿ ಚುಚ್ಚಿದರು. "ಉಣ್ಣಿ ಜ್ವರ. ಮೂರು ದಿನ ದಾಟಿದರೆ ಬದುಕುತ್ತೆ," ಅಂದು ಹೋದರು.

ಓಂಕಾರಪ್ಪನಿಗೆ ಅಳು ಬಂತು. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ತನ್ನದು ಅಂತ ಇದ್ದದ್ದು ಈ ನಾಯಿ ಒಂದೇ.

"ಕಾಳವ್ವನಿಗೆ ಯಾಕೆ ಏನೂ ಆಗಲಿಲ್ಲ?"

"ಆಗಿತ್ತು. ಮರಿಯಾಗಿದ್ದಾಗ ಇದೇ ಜ್ವರ. ಹೋಗೇಬಿಟ್ರು ಅಂದ್ಕೊಂಡಿದ್ವಿ. ಜ್ವರ ಇಳೀತು, ಅದರ ಚೂರು ಮಾತ್ರ ಇನ್ನೂ ಅವರ ರಕ್ತದಲ್ಲಿದೆ. ಡಾಕ್ಟರೇ ನೋಡಿ ಹೇಳಿದ್ದು."

"ರೋಗ ಒಳಗಿಟ್ಕೊಂಡೂ ಗಟ್ಟಿಯಾಗಿದಾರಾ?"

"ಕಳ್ಳ ಮನೇಲೇ ಬಾಡಿಗೆಗಿದಾನೆ. ಕಾವಲುಗಾರ ತೂಕಡಿಸೋದು ಹೇಗೆ?"

ಓಂಕಾರಪ್ಪನಿಗೆ ಎಲ್ಲ ಅರ್ಥವಾಗಿಬಿಟ್ಟಿತು. ಅಥವಾ ಹಾಗಂದುಕೊಂಡ. ಮರುದಿನ ಬೆಳ್ಳಿಯ ಕೊರಳಲ್ಲಿ ಮೂರು ಉಣ್ಣಿ ಕಂಡರೂ ಮುಟ್ಟದೆ ಸುಮ್ಮನೆ ಕೂತ.

ಗುರುಗಳು ಬಂದು ಒಂದೊಂದಾಗಿ ಕಿತ್ತು ಸೀಮೆಎಣ್ಣೆಯ ಬಟ್ಟಲಿಗೆ ಹಾಕಿದರು.

"ಕಳ್ಳ ಮನೇಲಿರಬೇಕು ಅಂದ್ರಲ್ಲ?"

"ಅದು ಕಾಳವ್ವನವರ ಮನೆ ಮಾತು. ಇವರ ಮನೆ ಕಾವಲುಗಾರ ಮೊನ್ನೆ ತಾನೇ ಕೆಲಸಕ್ಕೆ ಸೇರಿದಾನೆ."

"ಹಾಗಾದ್ರೆ ಕಾಳವ್ವನವರ ಉಣ್ಣೀನೂ ಕೀಳಲಾ?"

"ಕೈಗೆ ಸಿಕ್ಕಿದ್ದನ್ನ ಕೀಳಿ."

"ರಕ್ತದಲ್ಲಿರೋದು?"

"ಅದನ್ನ ಅವರಿಗೇ ಬಿಡಿ."

ಓಂಕಾರಪ್ಪ ಬೆಳ್ಳಿಯ ತಲೆ ಸವರಿದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ:

"ಅಷ್ಟು ಚೊಕ್ಕಟವಾಗಿ ಸಾಕಿದ್ದೇ ತಪ್ಪಾಯ್ತಾ?"

"ಸಾಕಿದ್ದನ್ನ ಯಾರಾದ್ರೂ ತಪ್ಪು ಅಂತಾರಾ? ಬೆಳ್ಳಿಯವರು ನಿಮ್ಮನ್ನ ನಂಬಿದ್ರು. ಅವರ ಮೈಯೂ ನಿಮ್ಮನ್ನೇ ನಂಬ್ಕೊಂಡಿತ್ತು."

ಓಂಕಾರಪ್ಪನ ತಲೆ ಗಿರ್ರೆಂದಿತು. ಕೀಳಬೇಕಂತೆ, ಆದರೆ ಪೂರ್ತಿ ಹೋಗುವುದಿಲ್ಲವಂತೆ. ತಪ್ಪಲ್ಲವಂತೆ, ಆದರೆ ನಾಯಿ ಮಲಗಿದೆ. ಜಪಕ್ಕೆ ಕೂತರೆ ಮಾಲೆಯ ಮಣಿಗಳೆಲ್ಲ ಉಣ್ಣಿಯಂತೆ ಕಂಡು, ಎಣಿಸುವುದನ್ನೇ ಬಿಟ್ಟ.

ಎರಡನೆಯ ದಿನ ಹೋಯಿತು. ಮೂರನೆಯದೂ ಹೋಯಿತು.

ನಾಲ್ಕನೆಯ ದಿನ ಮಧ್ಯಾಹ್ನ ಊಟಕ್ಕೆ ಎಲೆ ಹಾಕಿದಾಗ ಬೆಳ್ಳಿ ತಾನಾಗಿ ಎದ್ದು, ತೂರಾಡುತ್ತ ಬಂದು ಓಂಕಾರಪ್ಪನ ಪಕ್ಕ ಕೂತಿತು. ಅವನು ಎಲೆಯ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತ. ಅಳುತ್ತ ಕಿವಿ ಸವರಿದರೆ ಅಲ್ಲಿ ಹೊಸದೊಂದು ಉಣ್ಣಿ! ಕಿತ್ತು ಬೆರಳಲ್ಲಿ ಹಿಡಿದುಕೊಂಡು ಗುರುಗಳ ಮುಖ ನೋಡಿದ.

"ಇದಕ್ಕೆ ಕೊನೆಯೇ ಇಲ್ವಾ ಗುರುಗಳೇ? ನನ್ನ ಮನಸ್ಸೂ ಹೀಗೇನಾ?"

ಗುರುಗಳು ನಾಯಿಯ ತಟ್ಟೆಗೂ ಅವನ ಎಲೆಗೂ ಬಿಸಿ ಅನ್ನ ಬಡಿಸಿದರು.

"ಉಣ್ಣಿ."

ಓಂಕಾರಪ್ಪ ಬೆರಳನ್ನು ನೋಡಿದ, ಎಲೆಯನ್ನು ನೋಡಿದ. "ಯಾವುದು? ಹುಳಾನಾ, ಊಟಾನಾ?"

"ಅದನ್ನ ಬಿಸಾಕಿ, ಕೈ ತೊಳ್ಕೊಂಡು ಬಂದು ಉಣ್ಣಿ. ನಾಳೆ ಇನ್ನೊಂದು ಬರ್ತದೆ. ಬೆಳ್ಳಿಯವರ ಮೈಗೆ ಅದರ ಗುರುತು ಸಿಕ್ಕಿದೆ, ನಿಮಗಿನ್ನೂ ಸಿಗಬೇಕು."