ಮಂಡಕ್ಕಿ ಭಟ್ಟಿಯಲ್ಲಿ ಕೊಟ್ರ

ಹಾಲವ್ವನಿಗೆ ಒಬ್ಬನೇ ಮಗ, ಕೊಟ್ರ. ಒಬ್ಬನೇ ಆದದ್ದು ಪುಣ್ಯ, ಇಬ್ಬರಾಗಿದ್ದರೆ ಅವಳು ಊರು ಬಿಡಬೇಕಿತ್ತು! ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪ್ರಾಣಿ ಅದು. ತಾನು ದುಡಿಯುವ ಮಂಡಕ್ಕಿ ಭಟ್ಟಿಗೇ ಅವನನ್ನೂ ಸೇರಿಸಿದಳು. ಅವಳು, ಇನ್ನಿಬ್ಬರು ಹೆಂಗಸರು, ಜೊತೆಗೆ ಕೊಟ್ರ ಸೇರಿ ಒಂದು ಗ್ಯಾಂಗು.

ಒಂದು ದಿನ ಮಾಲೀಕ ಬುಡೇನ್ ಸಾಬರು ಬಂದು, "ದೀಪಾವಳಿಯೊಳಗೆ ಯಾವ ಗ್ಯಾಂಗು ಹೆಚ್ಚು ಚೀಲ ತುಂಬ್ತೈತೋ, ಆ ಗ್ಯಾಂಗಿನೋರಿಗೆಲ್ಲ ಹೊಸ ಬಟ್ಟೆ! ಎಲ್ಲದಕ್ಕೂ ನನ್ನ ಕೇಳ್ಕೊಂಡು ಕೂರಬ್ಯಾಡ್ರಿ. ಭಟ್ಟಿ ನಿಮ್ದೇ ಅಂದ್ಕೊಂಡು ಮಾಡ್ರಿ!" ಅಂದರು. ಹಾಲವ್ವನಿಗೆ ಜೀವ ಬಂತು. ತಂಗಿಯ ಮಗಳ ಮದುವೆಗೆ ಉಟ್ಟು ಹೋಗಲು ಅವಳ ಹತ್ತಿರ ತೇಪೆಯಿಲ್ಲದ ಒಂದು ಸೀರೆ ಇರಲಿಲ್ಲ.

ಮರುದಿನ ಬಂದು ನೋಡಿದರೆ ತುಂಬಿಟ್ಟ ಚೀಲಗಳೇ ಮಾಯ!

"ಎಲ್ಲೋ ಚೀಲ?"

"ಬೀದಿ ಮಂದಿಗೆಲ್ಲ ಕೊಟ್ಟೆನವ್ವ. ಭಟ್ಟಿ ನಮ್ದೇ ಅಲ್ಲೇನು?"

"ನಿನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಇನ್ಮೇಲೆ ಏನು ಮಾಡೋದಿದ್ರೂ ಗ್ಯಾಂಗಿನೋರನ್ನೆಲ್ಲ ಕೇಳಿ ಮಾಡಲೇ!"

"ಆತವ್ವ."

ಮಾರನೇ ದಿನ ಹೆಂಗಸರು ಮೂವರೂ ಉಣ್ಣಲು ಮನೆಗೆ ಹೋಗಿದ್ದಾಗ ಬಾಂಡ್ಲಿಯಲ್ಲಿ ಅಕ್ಕಿ ಹೊತ್ತತೊಡಗಿತು. ಕೊಟ್ರ ಒಬ್ಬಳ ಮನೆಗೆ ಓಡಿದ, ಇನ್ನೊಬ್ಬಳ ಮನೆಗೆ ಓಡಿದ, ಅವ್ವನ ಹತ್ತಿರ ಓಡಿದ. "ಅಕ್ಕಿ ಹೊತ್ತಾಕತ್ತೈತಿ, ತೆಗೀಲೇನು?" ಎಲ್ಲರೂ ಹೂಂ ಅಂದು ಅವನು ವಾಪಸು ಬರುವಷ್ಟರಲ್ಲಿ ಬಾಂಡ್ಲಿ ತುಂಬ ಇದ್ದಿಲು!

"ಹೊಗೆ ಕಂಡ್ರೆ ಯಾರನ್ನ ಕೇಳ್ತೀಯೋ, ದಡ್ಡ ಶಿಖಾಮಣಿ! ಕೊಡ ಎತ್ತಿ ನೀರು ಸುರಿಯೋದು!"

"ಆತವ್ವ."

ಅದರ ಮರುದಿನ ಮಂಡಕ್ಕಿ ಚೀಲ ಹೇರಿದ ಲಾರಿಯ ಮೇಲೆ ಕೂತು ಡ್ರೈವರು ಬೀಡಿ ಹಚ್ಚಿದ. ಹೊಗೆ! ಕೊಟ್ರ ಹತ್ತಿ ಕೊಡದ ಮೇಲೆ ಕೊಡ ಸುರಿದ. ಡ್ರೈವರು ನೆಂದ, ಬೀಡಿ ಆರಿತು, ಮಂಡಕ್ಕಿಯೆಲ್ಲ ಮುದ್ದೆಯಾಯಿತು!

"ನೀನು ಮನೇಲಿರಪ್ಪ, ಕೈ ಮುಗೀತೀನಿ!" ಅಂದಳು ಹಾಲವ್ವ.

ಆಮೇಲೆ ಮೂವರು ಹೆಂಗಸರೇ ಸೊಂಟ ಮುರಿದು ದುಡಿದರು. ಕೊಟ್ರನಿಲ್ಲದ ಗ್ಯಾಂಗು ಗೆದ್ದೂ ಬಿಟ್ಟಿತು! ಆದರೆ ಬಟ್ಟೆ ಕೊಡುವ ದಿನ ಹಾಲವ್ವನಿಗೆ ಜ್ವರ. ಬೇರೆ ದಾರಿಯಿಲ್ಲದೆ ಮಗನನ್ನೇ ಕಳಿಸಿದಳು. "ನೋಡಪ್ಪ, ಇದು ಒಬ್ಬರ ದುಡಿಮೆ ಅಲ್ಲ, ಗ್ಯಾಂಗಿಂದು. ಯಾರಿಗೂ ಹೆಚ್ಚು ಕಮ್ಮಿ ಆಗದಂಗೆ ಸಮ ಹಂಚಿ ಬಾ."

"ಆತವ್ವ."

ಸಾಬರು ಮೂವರು ಹೆಂಗಸರಿಗೆ ಮೂರು ಸೀರೆ, ಕೊಟ್ರನಿಗೂ ಒಂದು ಅಂಗಿ ಕೊಟ್ಟರು. ಸಂಜೆ ಕೊಟ್ರ ಬಂದು ಅವ್ವನ ಮಡಿಲಿಗೆ ನಾಲ್ಕು ತುಂಡು ಹಾಕಿದ. ಒಂದು ಕೆಂಪು, ಒಂದು ಹಸಿರು, ಒಂದು ಹಳದಿ, ಮತ್ತೆ ಅಂಗಿಯ ಒಂದು ತೋಳು.

"ನನ್ನ ಸೀರೆ ಎಲ್ಲೋ?"

"ನಿಮಗೆ ಸೀರೆ, ನನಗೆ ಅಂಗಿ ಅಂದ್ರೆ ಸಮ ಎಲ್ಲಾತವ್ವ? ಅದಕ್ಕೇ ಎಲ್ಲಾನೂ ನಾಕು ನಾಕು ಕತ್ತರಿಸ್ದೆ!"

"ಮದುವೆಗೆ ನಾನೇನು ಹಾಕ್ಕೊಂಡು ಹೋಗ್ಲೋ, ಮೂಳ!" ಹಾಲವ್ವ ಹಣೆ ಹಣೆ ಚಚ್ಚಿಕೊಂಡು ಅತ್ತಳು.

ಅವ್ವ ಅತ್ತದ್ದು ಕಂಡು ಕೊಟ್ರ ತನ್ನ ಪಾಲಿಗೆ ಬಂದಿದ್ದ ಇನ್ನೊಂದು ತೋಳನ್ನೂ ತೆಗೆದು ಅವಳ ಕೈಗಿಟ್ಟ.

"ಅಳಬ್ಯಾಡವ್ವ. ಎರಡೂ ತೋಳು ನೀನೇ ಹಾಕ್ಕೊಂಡು ಹೋಗು!"