ಬಾಗಿಲು ಬಿಚ್ಚಿಕೊಟ್ಟ ಪೇಟೆ

ಯಾವ ಕಾಲದ್ದು ಅಂತ ಕೇಳಬೇಡಿ. ಹೇಳಿದವರಿಗೂ ಗೊತ್ತಿರಲಿಲ್ಲ, ಅವರಿಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ಹೊಳೆ ಹೋಗಿ ಕಡಲು ಸೇರುವಲ್ಲಿ, ಅಳಿವೆಕೊಪ್ಪ ಅಂತ ಒಂದು ಬಂದರು ಇತ್ತಂತೆ. ಆ ಊರಲ್ಲಿ ಮೂಕಾಂಬು ಅಂತ ಒಬ್ಬ ಹೆಂಗಸು ಇದ್ದಳಂತೆ. ತೆಂಗಿನ ನಾರು ಹೊಸೆದು ಹಗ್ಗ ಮಾಡುವವಳು. ಏಳಾಳು ಎತ್ತರ ಇದ್ದಳು ಅಂತ ಕೆಲವರು ಹೇಳ್ತಾರೆ, ಅದೆಲ್ಲ ಸುಳ್ಳು. ಗಿಡ್ಡ ಹೆಂಗಸು. ಅಂಗೈ ಮಾತ್ರ ಆಮೆಯ ಚಿಪ್ಪಿನ ಹಾಗೆ ಗಟ್ಟಿ ಇತ್ತಂತೆ.

ಬಂದರಿನಿಂದ ಊರ ಒಳಗೆ ಹೋಗುವ ದಾರಿಗೆ ನಡುಪೇಟೆ ಅಂತ ಹೆಸರು. ಅದರ ಎರಡೂ ಬದಿಗೆ ಐವತ್ತೆರಡು ಅಂಗಡಿ. ಮೆಣಸು, ಅಕ್ಕಿ, ಎಣ್ಣೆ, ಹಾಯಿಬಟ್ಟೆ, ಬೇಕಾದ್ದೆಲ್ಲ ಉಂಟು. ಗದ್ದಲ ಎಷ್ಟು ಅಂದರೆ, ಎದುರಂಗಡಿಯವನ ಹತ್ತಿರ ಮಾತಾಡಬೇಕಾದರೆ ಕೈಸನ್ನೆ ಮಾಡಬೇಕಿತ್ತಂತೆ. ಆಮೇಲೆ ಒಂದು ವರ್ಷ ಹೊಳೆಗೆ ಅಂಥಾ ನೆರೆ ಬಂತಂತೆ, ಅಳಿವೆಯ ಬಾಯಿಗೆ ಮರಳು ತಂದು ಸುರಿಯಿತಂತೆ. ಹಡಗುಗಳು ತೆಂಕಣ ಬಂದರಿಗೆ ತಿರುಗಿದವು. ಅಂಗಡಿಗಳು ಒಂದೊಂದಾಗಿ ಮುಚ್ಚಿದವು.

ಅಲ್ಲಿ ಅಂಗಡಿ ಮುಚ್ಚುವುದಕ್ಕೂ ಒಂದು ಕ್ರಮ ಇತ್ತು. ಬಾಗಿಲು ಅಂದರೆ ಬಿಡಿ ಬಿಡಿ ಹಲಗೆ. ಬೆಳಿಗ್ಗೆ ಒಂದೊಂದಾಗಿ ತೆಗೆಯುವುದು, ಸಂಜೆ ಒಂದೊಂದಾಗಿ ಜೋಡಿಸುವುದು. ಹೆಬ್ಬಲಸಿನ ಮರದ್ದು, ಎರಡು ಬೆರಳು ದಪ್ಪ. ಯಾವ ಅಂಗಡಿಯದ್ದು, ಯಾವುದರ ಪಕ್ಕ ಯಾವುದು ಅಂತ ತಿಳಿಯಲಿಕ್ಕೆ ಪ್ರತಿ ಹಲಗೆಗೂ ಒಂದು ಗುರುತು. ಪೇಟೆ ಬಿಡುವ ದಿನ ಯಜಮಾನ ಸ್ನಾನ ಮಾಡಿ ಬಂದು ಕೊನೆಯ ಹಲಗೆ ಹಾಕಿ, ಅದಕ್ಕೆ ಅರಸಿನ ದಾರ ಕಟ್ಟಿ, ತಿರುಗಿ ಬರ್ತೇನೆ ಅಂತ ಹೇಳಿ ಹೋಗುವುದು. ಆ ದಾರ ಮುಟ್ಟುವ ಹಕ್ಕು ಬೇರೆ ಯಾರಿಗೂ ಇಲ್ಲ. ಕೆಲವರು ಘಟ್ಟ ಹತ್ತಿದರು, ಹೆಚ್ಚಿನವರು ಊರ ಮೇಲಿನ ಕೇರಿಯಲ್ಲಿ ತೋಟ ಮಾಡಿಕೊಂಡು ಉಳಿದರು. ಕೂಗಿದರೆ ಕೇಳುವಷ್ಟು ಹತ್ತಿರ, ಆದರೂ ಪೇಟೆಗೆ ಇಳಿಯುವವರಿಲ್ಲ. ಒಳಗೆ ಎಂತ ಉಂಟು? ಧೂಳು, ಬಾವಲಿ. ಆ ಧೂಳಿಗೆ ಇಷ್ಟೊಂದು ಮರ್ಯಾದೆ!

ಐವತ್ತೊಂದು ಮುಚ್ಚಿದವು. ಪಡುವಣ ತುದಿಯ ಮೂಕಾಂಬುವಿನ ಹಗ್ಗದಂಗಡಿ ಒಂದು ಉಳಿಯಿತು. ಅವಳ ಅಣ್ಣ ಘಟ್ಟದ ಮೇಲಿಂದ ಹೇಳಿ ಕಳಿಸುತ್ತಲೇ ಇದ್ದನಂತೆ, ಒಬ್ಬಳೇ ಯಾರ ಮುಖ ನೋಡಿಕೊಂಡು ಕೂತಿದ್ದೀ, ಬಂದುಬಿಡು ಅಂತ. ಕೊನೆಗೆ ಅವಳೂ ಸೋತು ಮಾತು ಕೊಟ್ಟಳು: ಈ ಬೇಸಗೆಯಲ್ಲಿ ಒಂದಾದರೂ ಹಡಗು ಬಾರದಿದ್ದರೆ ದಾರ ಕಟ್ಟಿ ಬರ್ತೇನೆ. ದಾರಕ್ಕೆ ಅರಸಿನ ಹಚ್ಚಿ ತಲೆಯ ಮೇಲಿನ ಮಾಡಿನಲ್ಲಿ ಸಿಕ್ಕಿಸಿಯೂ ಇಟ್ಟಿದ್ದಳಂತೆ. ದಿನಾ ಅದನ್ನು ನೋಡುವುದು, ಮತ್ತೆ ನಾರು ಹೊಸೆಯುವುದು.

ಬೇಸಗೆಯ ಕೊನೆಗೆ ಒಂದು ಮಂಜಿ ಬಂತಂತೆ. ಮಂಜಿ ಅಂದರೆ ಸರಕು ಹೊರುವ ಹಾಯಿಹಡಗು. ಬಂದದ್ದು ಅಂದರೆ ಎಂತ ಬರುವುದು, ಗಾಳಿ ಎತ್ತಿ ತಂದು ಮರಳದಿಬ್ಬಕ್ಕೆ ಬಡಿದು ಒಳಗೆ ನೂಕಿತು. ಎಡಮೈ ಒಡೆದು ಹೋಗಿತ್ತು. ಅದರ ತಂಡೇಲ, ಹಡಗು ನಡೆಸುವ ಯಜಮಾನ, ಇಸುಬು ಅಂತ. ಅವನು ದಂಡೆಯಲ್ಲಿ ತಲೆಗೆ ಕೈಕೊಟ್ಟು ಕೂತನಂತೆ. ಮೃಗಶಿರ ಮಳೆಗೆ ಹನ್ನೊಂದೇ ದಿನ. ಮಳೆ ಹಿಡಿದರೆ ಹೊಳೆ ಏರ್ತದೆ, ಹೊಳೆ ಏರಿದರೆ ಮಂಜಿ ಚೂರು.

ಊರಲ್ಲಿ ಹಡಗಿನ ಕೆಲಸ ಬಲ್ಲವನು ಕೊಗ್ಗ ಆಚಾರಿ ಒಬ್ಬನೇ. ಅವನು ಸುತ್ತ ತಿರುಗಿ ನೋಡಿ ತಲೆ ಅಲ್ಲಾಡಿಸಿದನು. ನಲ್ವತ್ತು ಹಲಗೆ ಬೇಕು, ಹಸಿಮರ ಆಗುವುದಿಲ್ಲ, ಒಣಗಿದ ಮರ ಊರಲ್ಲಿ ಒಂದು ತುಂಡೂ ಇಲ್ಲ ಅಂದನಂತೆ.

ಮೂಕಾಂಬು ದಂಡೆಯಲ್ಲೇ ನಿಂತು ಇದನ್ನು ಕೇಳಿದಳು. ಹಡಗು ಬಂದದ್ದೇನೋ ಹೌದು. ಆದರೆ ಅಳಿವೆಕೊಪ್ಪ ಹಡಗು ನುಂಗಿತು ಅಂತ ಕರಾವಳಿ ಇಡೀ ಸುದ್ದಿಯಾದರೆ ಈ ಕಡೆಗೆ ಇನ್ನು ಯಾರು ಚುಕ್ಕಾಣಿ ತಿರುಗಿಸ್ತಾರೆ? ಅಂಗಡಿಗೆ ಬಂದಳು. ಮಾಡಿನ ದಾರ ನೋಡಿದಳು. ಗೋಡೆಗೆ ಒರಗಿಸಿಟ್ಟ ತನ್ನ ಎಂಟು ಹಲಗೆ ನೋಡಿದಳು. ಎರಡು ತಲೆಮಾರು ಉಪ್ಪುಗಾಳಿ ಕುಡಿದು ಒಣಗಿದ ಹೆಬ್ಬಲಸು! ಒಂದನ್ನು ತಲೆಯ ಮೇಲೆ ಹೊತ್ತಳು, ದಂಡೆಗೆ ನಡೆದಳು.

ಕೊಗ್ಗ ಆಚಾರಿ ಬೆರಳ ಗಂಟಿನಿಂದ ಕುಟ್ಟಿ ನೋಡಿದ. ಟಣ್ ಅಂತು. "ಇದು ಆಗ್ತದೆ ಮಾರಾಯ್ತಿ. ಆದರೆ ನಿನ್ನ ಅಂಗಡಿಗೆ ಬಾಗಿಲು?"

"ಕಳ್ಳರು ಬರಲಿಕ್ಕೆ ಪೇಟೆಯಲ್ಲಿ ಜನ ಎಲ್ಲಿದ್ದಾರೆ ಆಚಾರ್ರೆ?" ಅಂದಳಂತೆ.

ಎಂಟು ಸಿಕ್ಕಿತು. ಉಳಿದದ್ದಕ್ಕೆ ಮೇಲಿನ ಕೇರಿಗೆ ಹೋದಳು. ಪೇಟೆಯ ಹಿರಿಯರು ವಾಮನ ಕಿಣಿಯರು. ಅವರು ಒಪ್ಪಿದರೆ ಎಲ್ಲರೂ ಒಪ್ಪುವವರು. ಅವಳ ಮಾತು ಕೇಳಿ ಕಿಣಿಯರು ಕೆಂಡ ಆದರಂತೆ. ನನ್ನ ಅಪ್ಪ ಸಾಯುವ ಮೊದಲು ಕೈಯಾರೆ ಕಟ್ಟಿದ ದಾರ, ಅದನ್ನು ಬಿಚ್ಚುವುದೂ ಒಂದೇ ಅವರ ಮೈ ಮೇಲೆ ಕೈ ಹಾಕುವುದೂ ಒಂದೇ, ನಡಿ ಇಲ್ಲಿಂದ ಅಂತ ಬೈದರಂತೆ. ಮೂಕಾಂಬು ಮೆಟ್ಟಿಲು ಇಳಿದಳು. ಅಂಗಳದಲ್ಲಿ ತಿರುಗಿ ನಿಂತಳು.

"ಕಿಣಿಯರೇ, ನಿಮ್ಮ ಅಪ್ಪಯ್ಯ ಆ ಹಲಗೆ ಹಾಕಿದ್ದು ಮತ್ತೆ ತೆಗೆಯಲಿಕ್ಕೇ ಅಲ್ವಾ?"

ಅಷ್ಟೇ ಹೇಳಿದ್ದು. ಹೇಳಿ ಬಂದುಬಿಟ್ಟಳು.

ಮರುದಿನ ಬೆಳಿಗ್ಗೆ ಅವಳು ಹಲಗೆ ಹೊಲಿಯಲಿಕ್ಕೆ ಹಗ್ಗ ಹೊಸೆಯುತ್ತಾ ಕೂತಿದ್ದಾಳೆ. ಆಗೆಲ್ಲ ಹಡಗಿಗೆ ಮೊಳೆ ಇಲ್ಲ, ಹಲಗೆಗೆ ಹಲಗೆ ಸೇರಿಸಿ ನಾರಿನ ಹಗ್ಗದಲ್ಲಿ ಹೊಲಿಯುವುದು. ತಲೆಯೆತ್ತಿ ನೋಡ್ತಾಳೆ, ಕಿಣಿಯರು ಒದ್ದೆ ಪಂಚೆಯಲ್ಲಿ ಪೇಟೆಗೆ ಇಳಿದು ಬರ್ತಾ ಇದ್ದಾರೆ! ತಮ್ಮ ಅಂಗಡಿಯ ಮುಂದೆ ನಿಂತರು, ದಾರ ಬಿಚ್ಚಿ ಕಣ್ಣಿಗೊತ್ತಿಕೊಂಡರು, ಮೊದಲ ಹಲಗೆ ಎಳೆದರು. ಅಷ್ಟು ವರ್ಷದ ಕತ್ತಲೆಗೆ ಬಿಸಿಲು ಬಿತ್ತು. ಒಳಗೆ ಅವರಪ್ಪ ಕೂರುತ್ತಿದ್ದ ಮಣೆ ಇಟ್ಟಲ್ಲೇ ಇತ್ತಂತೆ. ಕಿಣಿಯರು ಮಗುವಿನ ಹಾಗೆ ಅತ್ತರಂತೆ.

ಆಮೇಲೆ ತಡೆಯುವವರು ಯಾರು? ಮೇಲಿನ ಕೇರಿಗೆ ಕೇರಿಯೇ ಇಳಿಯಿತು, ಸುದ್ದಿ ಕೇಳಿ ಘಟ್ಟ ಹತ್ತಿದವರೂ ಬಂದು ತಮ್ಮ ದಾರ ಬಿಚ್ಚಿದರು. ನಲ್ವತ್ತು ಕೇಳಿದರೆ ನಾನೂರು ಬಂತಂತೆ. ಹಲಗೆಗಳು ತಾವಾಗಿಯೇ ಎದ್ದು ದಂಡೆಗೆ ನಡೆದವು ಅಂತಲೂ ಹೇಳುವುದುಂಟು. ಹೇಳಲಿ ಬಿಡಿ, ನೋಡಿದವರಿಗೆ ಹಾಗೇ ಕಂಡಿರಬಹುದು. ಯಾರ ಮನಸ್ಸಿಗೂ ನೋವಾಗಬಾರದು ಅಂತ ಕೊಗ್ಗ ಆಚಾರಿ ಪ್ರತಿ ಅಂಗಡಿಯಿಂದ ಒಂದಾದರೂ ತುಂಡು ಮಂಜಿಗೆ ಸೇರಿಸಿದನಂತೆ. ಮಿಕ್ಕಿದ್ದರಲ್ಲಿ ಒಳಗಿನ ಪಟ್ಟಿ, ಅಟ್ಟ, ಹುಟ್ಟು, ಹೊಸ ದೋಣಿ ಎರಡು. ಮೂಕಾಂಬು ಹೆಂಗಸರನ್ನೆಲ್ಲ ಸಾಲಾಗಿ ಕೂರಿಸಿ ಹಗ್ಗ ಹೊಸೆಸಿದಳು. ಅವಳ ಅಂಗೈ ಒಡೆದು ರಕ್ತ ಬಂದರೂ ನಿಲ್ಲಿಸಲಿಲ್ಲವಂತೆ. ಹತ್ತನೇ ದಿನ ಮೋಡ ಕಟ್ಟಿತು. ಹನ್ನೊಂದನೇ ದಿನ ಮಂಜಿ ತೇಲಿತು! ಅದರ ಎಡಮೈ ತುಂಬಾ ಅಂಗಡಿಗಳ ಗುರುತು, ಕಿಣಿಯರದ್ದು, ಎಣ್ಣೆಯವರದ್ದು, ಮೂಕಾಂಬುವಿನದ್ದು. ಇಡೀ ನಡುಪೇಟೆಯೇ ಕಡಲಿಗೆ ಹೊರಟಿತು ಅಂತ ಜನ ಬಾಯಿಬಿಟ್ಟುಕೊಂಡು ನಿಂತರಂತೆ.

ನಿನಗೆ ಎಂತ ಕೊಡಲಿ ಅಂತ ಇಸುಬು ತಂಡೇಲ ಕೇಳಿದ. ಯಾರಾದರೂ ಕೇಳಿದರೆ ಊರ ಹೆಸರು ಹೇಳು, ಸಾಕು ಅಂದಳಂತೆ.

ಮಂಜಿ ಹೋಯಿತು, ಮಳೆ ಬಂತು. ಆಗ ನೋಡಿ ಫಜೀತಿ. ಒಂದು ಅಂಗಡಿಗೂ ಬಾಗಿಲಿಲ್ಲ! ದನ ನುಗ್ಗಿತು, ನಾಯಿ ಮಲಗಿತು, ಆಡು ಕಿಣಿಯರ ಅಪ್ಪನ ಮಣೆ ಹತ್ತಿತು. ಓಡಿಸಲಿಕ್ಕಾದರೂ ಯಜಮಾನರು ಬಂದು ಕೂರಲೇಬೇಕಾಯಿತು. ಮೂರು ತಿಂಗಳು ಸುಮ್ಮನೆ ಕೂರಲಿಕ್ಕೆ ಆಗ್ತದಾ? ಒಬ್ಬ ಹಾಯಿ ಹೊಲಿಯಲಿಕ್ಕೆ ಹಿಡಿದ, ಒಬ್ಬ ಎಣ್ಣೆಗಾಣ ಒರೆಸಿದ, ಒಬ್ಬಳು ಗಂಜಿಯ ಒಲೆ ಹೂಡಿದಳು. ಮೂಕಾಂಬು ಬೆಳಗಾದರೆ ಈ ತುದಿಯಿಂದ ಆ ತುದಿಗೆ ನಡೆಯುವಳಂತೆ. ಯಾರಾದರೂ ಸುಮ್ಮನೆ ಕೂತದ್ದು ಕಂಡರೆ ಮಡಿಲಿಗೆ ಒಂದು ಕಟ್ಟು ನಾರು ಹಾಕಿ ಮುಂದೆ ಹೋಗುವಳಂತೆ. ಹೊಸ ದೋಣಿಯವರು ಗಳ ಊರಿ ಮರಳಿನ ನಡುವೆ ಆಳದ ದಾರಿ ಹುಡುಕಿಟ್ಟರು.

ನೂಲಹುಣ್ಣಿಮೆಗೆ, ಹಡಗುಗಳು ಮತ್ತೆ ಹೊರಡುವ ಕಾಲಕ್ಕೆ, ಕಡಲಿಗೆ ತೆಂಗಿನಕಾಯಿ ಬಿಟ್ಟರು. ಎಂಟು ದಿನ ಯಾರೂ ಬರಲಿಲ್ಲ. ಒಂಬತ್ತನೇ ದಿನ ಅಳಿವೆಯ ಹೊರಗೆ ಒಂದು ಹಾಯಿ. ಮಧ್ಯಾಹ್ನಕ್ಕೆ ಮೂರು. ಸಂಜೆಗೆ ಏಳು! ಇಸುಬು ತಂಡೇಲ ಹೋದಲ್ಲೆಲ್ಲ ಮಂಜಿಯ ಎಡಮೈ ತೋರಿಸಿ ಹೇಳಿದ್ದನಂತೆ, ಹಡಗಿಗೆ ತನ್ನ ಬಾಗಿಲನ್ನೇ ಬಿಚ್ಚಿಕೊಡುವ ಊರು ಒಂದುಂಟು ಅಂತ. ಮೂಕಾಂಬು ಮಾಡಿನಿಂದ ಅರಸಿನ ದಾರ ತೆಗೆದಳು. ತನ್ನ ಹಗ್ಗದೊಳಗೇ ಸೇರಿಸಿ ಹೊಸೆದುಬಿಟ್ಟಳು. ಕಣ್ಣೀರು ಸುರಿಯುತ್ತಿತ್ತು, ಕೈ ನಿಲ್ಲಲಿಲ್ಲ.

ಮತ್ತೆ ಎಲ್ಲರೂ ಹೊಸ ಹಲಗೆ ಮಾಡಿಸಿದರು. ಅವಳು ಮಾತ್ರ ಸಾಯುವ ತನಕ ಬಾಗಿಲು ಇಡಲಿಲ್ಲವಂತೆ.

ಈಗಲೂ ನೀವು ಅಳಿವೆಕೊಪ್ಪಕ್ಕೆ ಹೋದರೆ ಸಂಜೆ ನಡುಪೇಟೆಯಲ್ಲಿ ನಿಂತು ನೋಡಿ. ಅಂಗಡಿ ಮುಚ್ಚುವಾಗ ಕೊನೆಯ ಹಲಗೆ ಜೋಡಿಸುವುದಿಲ್ಲ, ಹೊರಗೆ ಗೋಡೆಗೆ ಒರಗಿಸಿ ಇಡ್ತಾರೆ. ಕಬ್ಬಿಣದ ಶಟರು ಹಾಕಿಸಿದವರೂ ಒಂದು ಹಲಗೆ ಮಾಡಿಸಿ ಪಕ್ಕದಲ್ಲಿ ಇಟ್ಟಿರ್ತಾರೆ. ಮೂಕಾಂಬು ಹಲಗೆ ಅಂತ ಅದಕ್ಕೆ ಹೆಸರು. ಬೀಗ ಇಲ್ಲ, ಸರಪಳಿ ಇಲ್ಲ. ಯಾರಾದರೂ ಕದ್ದರೆ ಅಂತ ಹೊಸಬರು ಕೇಳುವುದುಂಟು. ಬೇಕಾದವರು ತಗೊಂಡು ಹೋಗಲಿ ಅಂತಲೇ ಇಟ್ಟದ್ದು ಅಂತಾರೆ ಅವರು.